ಪಣಕ್ಕಿಟ್ಟದ್ದು ಯಾರ ಸ್ವತ್ತು?

ಚಾಮರಾಜನಗರದಿಂದ ತಮಿಳುನಾಡಿನ ಗಡಿ ದಾಟಿದರೆ ತಾಳವಾಡಿ ಸೀಮೆ. ಅಲ್ಲಿನ ಗಾಜನೂರು ರಾಜಕುಮಾರ್ ಅವರ ಊರು. ಆ ಮನೆತನದ ಕೆಲವು ಸಿನಿಮಾಗಳ ಹೆಸರನ್ನು ಸಾಲಾಗಿಟ್ಟು ನೋಡಿ. 1969ರಲ್ಲಿ ತಂದೆಯ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. 2010ರಲ್ಲಿ ಕಿರಿಯ ಮಗ ಪುನೀತ್ ಅವರ ‘ಜಾಕಿ’. 2013ರಲ್ಲಿ ಹಿರಿಯ ಮಗ ಶಿವರಾಜಕುಮಾರ್ ಅವರ ‘ಅಂದರ್ ಬಾಹರ್’. 2025ರಲ್ಲಿ ಮೊಮ್ಮಗ ಯುವ ಅವರ ‘ಎಕ್ಕ’. ಮೂರು ತಲೆಮಾರು, ನಾಲ್ಕು ಹೆಸರು, ನಾಲ್ಕೂ ಜೂಜಿನ ಕಣದಿಂದ ಎದ್ದು ಬಂದವು. ಆದರೆ ಜೂಜನ್ನೇ ಕಥೆಯ ಹೊಟ್ಟೆಯಲ್ಲಿಟ್ಟುಕೊಂಡ ಸಿನಿಮಾ ಇವುಗಳಲ್ಲಿ ಒಂದೂ ಇಲ್ಲ. ಒಂದು ಪತ್ತೇದಾರಿ, ಉಳಿದವು ಹೊಡೆದಾಟ, ಭೂಗತ ಲೋಕದ ಕಥೆಗಳು. ಹೆಸರಿಗೆ ಬೇಕಾದ ಜೂಜು ಕಥೆಗೆ ಬೇಡವಾಯಿತು.

ಇತ್ತ ಬದುಕಿನಲ್ಲಿ ಜೂಜಿಗೇನೂ ಬರವಿಲ್ಲ. ಯುಗಾದಿ ಮತ್ತು ಅದರ ಮಾರನೆಯ ಹೊಸತೊಡಕು ಬಂತೆಂದರೆ ಹಳೇ ಮೈಸೂರು ಸೀಮೆಯ ತೋಪು, ಜಗಲಿ, ಕೆರೆ ಏರಿಗಳ ಮೇಲೆ ಎಲೆ ಬೀಳುತ್ತದೆ. ಪತ್ರಿಕೆಗಳ ಜಿಲ್ಲಾ ಪುಟದ ಸುದ್ದಿಗೆ ಸಿದ್ಧ ಅಚ್ಚೇ ಇದೆ: ಖಚಿತ ಮಾಹಿತಿ ಮೇರೆಗೆ ದಾಳಿ, ಇಷ್ಟು ಮಂದಿಯ ಬಂಧನ, ಪಣಕ್ಕಿಟ್ಟಿದ್ದ ಇಷ್ಟು ನಗದು, 52 ಇಸ್ಪೀಟು ಎಲೆ, ಒಂದಷ್ಟು ಬೈಕು ವಶ. ಚಿತ್ರಕಥೆಗೆ ಬೇಕಾದ್ದೆಲ್ಲ ಆ ನಾಲ್ಕು ಸಾಲಿನಲ್ಲಿದೆ. ಒಂದೇ ಒಂದು ವಿಷಯ ಇಲ್ಲ. ಆ ನಗದು ಬಂದದ್ದೆಲ್ಲಿಂದ? ಡೇರಿಯ ಬಟವಾಡೆಯೋ, ಅರಿಸಿನ ಮಾರಿದ್ದೋ, ಸಂಘದ ಸಾಲವೋ, ಹೆಂಡತಿಯ ಓಲೆ ಅಡವಿಟ್ಟದ್ದೋ?

ಜೂಜು, ಕ್ಯಾಸಿನೊ, ಪೋಕರ್ ಕುರಿತ ಸಿನಿಮಾಗಳನ್ನು ಅಳೆಯಲು ನನಗೆ ಈ ಒಂದು ಪ್ರಶ್ನೆ ಸಾಕು. ಆಡುವವನ ಕೈಯಲ್ಲಿರುವ ಎಲೆಯನ್ನು ಎಲ್ಲ ಸಿನಿಮಾಗಳೂ ತೋರಿಸುತ್ತವೆ. ಪಣಕ್ಕಿಟ್ಟದ್ದು ಯಾರ ಸ್ವತ್ತು ಎಂದು ಕೇಳುವವು ಕಡಿಮೆ, ಮನಸ್ಸಿನಲ್ಲಿ ಉಳಿಯುವವೂ ಅವೇ.

ಸಭೆಯಲ್ಲಿ ಎದ್ದ ಪ್ರಶ್ನೆ

ಈ ಅಳತೆಗೋಲು ದ್ರೌಪದಿಯದು. ಧರ್ಮರಾಯ ಭಂಡಾರ ಸೋತ, ತಮ್ಮಂದಿರನ್ನು ಸೋತ, ತನ್ನನ್ನೇ ಸೋತ, ಆಮೇಲೆ ಹೆಂಡತಿಯನ್ನು ಒಡ್ಡಿದ. ತನ್ನನ್ನೇ ಕಳೆದುಕೊಂಡವನಿಗೆ ನನ್ನನ್ನು ಒಡ್ಡುವ ಹಕ್ಕು ಉಳಿದಿತ್ತೇ ಎಂದು ಅವಳು ಕೇಳಿದಾಗ ಭೀಷ್ಮನಿಗೂ ಉತ್ತರ ಹೊಳೆಯಲಿಲ್ಲ. ಇದಕ್ಕೂ ಹಿಂದೆ ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತ ದಾಳಕ್ಕೆ ಸೋತವನ ಮನೆಯನ್ನು ತೋರಿಸಿತ್ತು. ಅಲ್ಲಿ ಹೆಂಡತಿ ದೂರವಾಗುತ್ತಾಳೆ, ಅತ್ತೆ ಅಸಹ್ಯಪಡುತ್ತಾಳೆ. ಕನಕದಾಸರ ‘ನಳಚರಿತ್ರೆ’ಯಲ್ಲಿ ನಳ ಪುಷ್ಕರನಿಗೆ ರಾಜ್ಯ ಸೋಲುತ್ತಾನೆ, ಅದರ ಬೆಲೆಯನ್ನು ದಮಯಂತಿ ಕಾಡಿನಲ್ಲಿ ತೆರುತ್ತಾಳೆ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಹಳೆಯ ಜೈನ ಕ್ಷೇತ್ರ. ಜೈನರು ಎಣಿಸುವ ಸಪ್ತವ್ಯಸನಗಳಲ್ಲಿ ಮೊದಲ ಸ್ಥಾನ ಜೂಜಿಗೆ. ಕುಡಿತ, ಕಳವು ಅದರ ಹಿಂದೆ ಬರುತ್ತವೆ. ಹಿರಿಯರು ಹಾಕಿದ ಕ್ರಮದಲ್ಲಿ ಅನುಭವವಿದೆ. ಉಳಿದ ಚಟಗಳು ಇದ್ದದ್ದನ್ನು ತಿನ್ನುತ್ತವೆ, ಜೂಜು ಇಲ್ಲದ್ದನ್ನೂ ಸಾಲ ತರಿಸಿ ತಿನ್ನುತ್ತದೆ.

ಈ ಪ್ರಶ್ನೆಯನ್ನು ಊರಿನ ಜನ ಕೇಳಿದ್ದು ರಂಗದ ಮೇಲೆ. ಚಾಮರಾಜನಗರ, ಮಂಡ್ಯ, ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಇಂದಿಗೂ ಇರುಳಿಡೀ ನಡೆಯುವ ನಾಟಕ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಪಾರ್ಟು ಹಿಡಿದವರು ಕೈಯಿಂದ ದುಡ್ಡು ಹಾಕುತ್ತಾರೆ. ಶಕುನಿ ದಾಳ ಉಜ್ಜುತ್ತಾ ಬರುವಾಗ ಸಭೆಯಲ್ಲಿ ನಿದ್ದೆ ಹೋದವರೂ ಏಳುತ್ತಾರೆ. ಅಪ್ಪನ ಮೂಳೆಯಿಂದ ಮಾಡಿದ ದಾಳ ಎಂಬ ಜನಪದ ಕಥೆ ಆ ಪಾತ್ರಕ್ಕೆ ಸೇಡಿನ ಕಾರಣ ಕೊಟ್ಟಿದೆ. 1934ರಲ್ಲಿ ಗುಬ್ಬಿ ಕಂಪನಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿತು. ರಾಜಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಆ ಕಂಪನಿಯ ನಟರಾಗಿದ್ದವರು. ಅಂದರೆ ಗಾಜನೂರಿನ ಮನೆಗೆ ಜೂಜಿನ ಕಥೆ ಸಿನಿಮಾದ ಹೆಸರಾಗಿ ಬರುವ ಮೊದಲೇ ನಾಟಕವಾಗಿ ಬಂದಿತ್ತು.

ಪರದೆಯ ಮೇಲೆ ದ್ಯೂತ ಮನೆಮಾತಾದದ್ದು ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ 1988ರಲ್ಲಿ ದೂರದರ್ಶನಕ್ಕೆ ಬಂದಾಗ. ಗೂಫಿ ಪೈಂತಲ್ ಅವರ ಶಕುನಿ ಹಿಂದಿ ಬಾರದ ಮನೆಗಳಿಗೂ ಅರ್ಥವಾದ. ಪೀಟರ್ ಬ್ರೂಕ್ ಅವರ 1989ರ ಚಿತ್ರದಲ್ಲಿ ಮಲ್ಲಿಕಾ ಸಾರಾಭಾಯ್ ದ್ರೌಪದಿ. ಅಲ್ಲಿ ವೈಭವ ಕಡಿಮೆ, ಹಾಗಾಗಿ ಆಟವೇ ಎದ್ದು ಕಾಣುತ್ತದೆ. ಕನ್ನಡದಲ್ಲಿ ನಾಗಣ್ಣ ನಿರ್ದೇಶನದ ‘ಕುರುಕ್ಷೇತ್ರ’ (2019) ದರ್ಶನ್ ಅವರನ್ನು ದುರ್ಯೋಧನನನ್ನಾಗಿ, ರವಿಶಂಕರ್ ಅವರನ್ನು ಶಕುನಿಯನ್ನಾಗಿ ತಂದಿತು. ರನ್ನನ ‘ಗದಾಯುದ್ಧ’ವನ್ನು ನೆಚ್ಚಿದ ಆ ಚಿತ್ರದ ಭಾರವೆಲ್ಲ ಸುಯೋಧನನ ಅಭಿಮಾನದ ಮೇಲಿತ್ತು, ದ್ಯೂತ ಯುದ್ಧಕ್ಕೆ ಹತ್ತುವ ಮೆಟ್ಟಿಲಾಯಿತು. ನನ್ನ ಮಟ್ಟಿಗೆ ಈ ದೃಶ್ಯಕ್ಕೆ ಹಳ್ಳಿಯ ನಾಟಕವೇ ಮೇಲು. ಅಲ್ಲಿ ಮುಂದೆ ಕೂತ ಹೆಂಗಸರಿಗೆ ದ್ರೌಪದಿಯ ಪ್ರಶ್ನೆ ಪುರಾಣವಲ್ಲ.

ಅರಮನೆಯ ಎಲೆ, ತೋಪಿನ ಎಲೆ

ಅರಿಕುಠಾರವಾಗಿದ್ದ ಊರಿಗೆ ತಂದೆಯ ನೆನಪಿಗಾಗಿ 1818ರಲ್ಲಿ ಚಾಮರಾಜನಗರ ಎಂದು ಹೆಸರಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಆಟಗಳ ವಿಷಯದಲ್ಲಿ ಅವರಷ್ಟು ತಲೆ ಓಡಿಸಿದ ದೊರೆ ಇನ್ನೊಬ್ಬರಿಲ್ಲ. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಆಟಗಳಿಗೇ ಜಾಗವಿದೆ. ಅವರ ಆಸ್ಥಾನದಲ್ಲಿ ದೇವತೆಗಳ ಚಿತ್ರ ಬರೆದ ಗಂಜೀಫಾ ಎಲೆಗಳ ಕಟ್ಟುಗಳಲ್ಲಿ ಕೆಲವಕ್ಕೆ ಮುನ್ನೂರಕ್ಕೂ ಹೆಚ್ಚು ಎಲೆ. ಕಲಿಯಲು ದಿನಗಟ್ಟಲೆ ಬೇಕು, ನೆನಪಿಡಲು ಬುದ್ಧಿ ಬೇಕು. ಗೆದ್ದವನ ಜಾಣತನವೇ ಅಲ್ಲಿ ಬಹುಮಾನ.

ತೋಪಿನಲ್ಲಿ ಬೀಳುವ ಎಲೆಗೆ ಅಷ್ಟೆಲ್ಲ ಬುದ್ಧಿ ಬೇಡ. ಅಂದರ್ ಬಾಹರ್‌ನಲ್ಲಿ ಜೋಕರ್ ಎಲೆಯೊಂದನ್ನು ತೆರೆದಿಟ್ಟು, ಒಳಗೊಂದು ಹೊರಗೊಂದು ಎಲೆ ಹಾಕುತ್ತಾ ಹೋಗುತ್ತಾರೆ. ಜೋಕರ್‌ನ ಜೋಡಿ ಯಾವ ಕಡೆ ಮೊದಲು ಬಿತ್ತೋ ಆ ಕಡೆ ಕಟ್ಟಿದವರು ಗೆದ್ದರು. ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಸಂಭವ ನೂರಕ್ಕೆ ಸುಮಾರು 51.5, ಇನ್ನೊಂದು ಕಡೆಗೆ 48.5. ಇಷ್ಟು ಸಮಸಮ ಆಟದಲ್ಲಿ ಯಾರೂ ಮುಳುಗಬಾರದಲ್ಲವೇ? ಮುಳುಗುತ್ತಾರೆ, ಏಕೆಂದರೆ ಪ್ರತಿ ಸುತ್ತಿನಲ್ಲೂ ಅಡ್ಡೆ ನಡೆಸುವವನು ಕಮಿಷನ್ ಎತ್ತಿಕೊಳ್ಳುತ್ತಾನೆ. ಬೆಳಗಿನವರೆಗೆ ಆಡಿದರೆ ಎಲ್ಲರ ಜೇಬೂ ಸ್ವಲ್ಪಸ್ವಲ್ಪವಾಗಿ ಅವನ ಕಡೆಗೇ ಹರಿಯುತ್ತದೆ. ರಮ್ಮಿಯ ಕಥೆ ಬೇರೆ. 1968ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಮುಖ್ಯವಾಗಿ ಕೌಶಲದ ಆಟ ಎಂದಿದೆ. ಆ ತೀರ್ಪಿನ ನೆರಳು ಮುಂದೆ ಮೊಬೈಲಿನವರೆಗೂ ಬಂತು.

ಈ ಅಡ್ಡೆಯ ಲೆಕ್ಕಾಚಾರ ಕನ್ನಡ ಸಿನಿಮಾಕ್ಕೆ ಹಿಡಿಸಲಿಲ್ಲ. ‘ಅಂದರ್ ಬಾಹರ್’ನಲ್ಲಿ ಆಟ ಹೆಸರಿಗೆ ಮಾತ್ರ. ಸೂರಿ ನಿರ್ದೇಶನದ ‘ಜಾಕಿ’ಯಲ್ಲಿ ಯೋಗರಾಜ ಭಟ್ ಬರೆದು ಕೈಲಾಶ್ ಖೇರ್ ಹಾಡಿದ ‘ಎಕ್ಕ ರಾಜ ರಾಣಿ’ ಊರೂರಿನ ಆರ್ಕೆಸ್ಟ್ರಾಗಳಲ್ಲಿ ಮೊಳಗಿತು; ಎಲೆಯಾಟ ನಾಯಕನ ಗತ್ತಿಗೆ ಒಡವೆಯಾಯಿತು. ತಮಿಳರು ಇದೇ ಬಗೆಯ ಆಟದ ಹೆಸರಿಟ್ಟು ‘ಮಂಕಾತ್ತ’ (2011) ಮಾಡಿದಾಗ ಕನಿಷ್ಠ ಕ್ರಿಕೆಟ್ ಬೆಟ್ಟಿಂಗಿನ ಹಣವನ್ನು ಕಥೆಯ ನಡುವಿಗೆ ತಂದರು. ಅದೇ ವರ್ಷದ ವೆಟ್ರಿಮಾರನ್ ಅವರ ‘ಆಡುಕಳಂ’ ಇನ್ನೂ ಆಳಕ್ಕಿಳಿಯಿತು. ಮದುರೆಯ ಕೋಳಿ ಅಂಕದಲ್ಲಿ, ಸೋಲುತ್ತದೆ ಎಂದು ಗುರು ತಳ್ಳಿಹಾಕಿದ ಹುಂಜದಿಂದಲೇ ಶಿಷ್ಯ ಗೆಲ್ಲುತ್ತಾನೆ. ಆ ಗೆಲುವನ್ನು ಗುರುವಿಗೆ ಸಹಿಸಲಾಗುವುದಿಲ್ಲ. ಅಲ್ಲಿ ಪಣಕ್ಕಿದ್ದದ್ದು ಮುದುಕನೊಬ್ಬನ ಊರಮಾನ, ಅದನ್ನು ಒಡ್ಡಿದವನು ಇನ್ನೊಬ್ಬ. ನೆರೆಯ ಭಾಷೆಗಳ ಜೂಜಿನ ಚಿತ್ರಗಳಲ್ಲಿ ನಾನು ಮೊದಲು ಹೆಸರಿಸುವುದು ಇದನ್ನೇ.

ಕ್ಲಬ್ಬಿನ ದೀಪದಡಿ

ನಗರದ ಜೂಜನ್ನು ಹಿಂದಿ ಚಿತ್ರರಂಗಕ್ಕೆ ಒಂದು ಶೈಲಿಯಾಗಿ ಕೊಟ್ಟ ‘ಬಾಜಿ’ಯಲ್ಲಿ (1951) ಕರ್ನಾಟಕದ ಕೈ ದೊಡ್ಡದು. ನಿರ್ದೇಶಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರಲ್ಲಿ. ಛಾಯಾಗ್ರಹಣದ ಸಹಾಯಕರಾಗಿದ್ದ ವಿ.ಕೆ. ಮೂರ್ತಿ ಮೈಸೂರಿನವರು. ಆ ಚಿತ್ರದಲ್ಲಿ ಅವರು ಸೂಚಿಸಿದ ಒಂದು ಶಾಟ್ ಮೆಚ್ಚಿ ಗುರುದತ್ ಮುಂದಿನ ಚಿತ್ರದಿಂದ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಇವರೇ. ದೇವ್ ಆನಂದ್ ಅವರ ಮದನ್ ಕ್ಲಬ್ಬಿನ ಮೇಜಿಗೆ ಕೂರುವುದು ಕ್ಷಯ ಹಿಡಿದ ತಂಗಿಯ ಚಿಕಿತ್ಸೆಗಾಗಿ. ಹೊಗೆ, ನೆರಳು, ಗಾಯಕಿ ಗೀತಾ ಅವರ ದನಿ ಎಲ್ಲದರ ಹಿಂದೆ ಆ ಹಾಸಿಗೆ ಹಿಡಿದ ಹುಡುಗಿ ಇದ್ದಾಳೆ, ಹಾಗಾಗಿ ಚಿತ್ರ ಬರಿಯ ಬೆಡಗಾಗುವುದಿಲ್ಲ. ರಾಜ್ ಕಪೂರ್ ಅವರ ‘ಶ್ರೀ 420’ರಲ್ಲಿ (1955) ಪ್ರಾಮಾಣಿಕತೆಗೆ ಸಿಕ್ಕ ಪದಕವನ್ನು ಮೊದಲು ಗಿರವಿ ಇಟ್ಟವನೇ ಆಮೇಲೆ ಇಸ್ಪೀಟಿನ ಕೈಚಳಕಕ್ಕೆ ಇಳಿಯುತ್ತಾನೆ. ಇವೆರಡೂ ನನ್ನ ಪಟ್ಟಿಯಲ್ಲಿ ಮೇಲೆಯೇ ಇವೆ.

ಕನ್ನಡಕ್ಕೆ ಕ್ಲಬ್ಬಿನ ಬೆಡಗು ಬಂದದ್ದು ದೊರೆ-ಭಗವಾನ್ ಜೋಡಿಯ ಬಾಂಡ್ ಮಾದರಿಯ ಚಿತ್ರಗಳಿಂದ: ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿ.ಐ.ಡಿ. 999’ (1968), ಆಮೇಲೆ ಜಾಕ್‌ಪಾಟ್. ಹಳ್ಳಿಗನ, ಭಕ್ತನ ಪಾತ್ರಗಳಲ್ಲಿ ಪಳಗಿದ ರಾಜಕುಮಾರ್ ಸೂಟು ತೊಟ್ಟು ಪಿಸ್ತೂಲು ಹಿಡಿದದ್ದೇ ಆಗಿನ ಪ್ರೇಕ್ಷಕನಿಗೆ ಹಬ್ಬ. 999 ಗೋವಾಕ್ಕೆ ಹೋದ ಕಾಲಕ್ಕೆ ಆ ನೆಲ ಪೋರ್ಚುಗೀಸರಿಂದ ಬಿಡುಗಡೆಯಾಗಿ ಏಳೇ ವರ್ಷ. ಮಾಂಡೋವಿಯಲ್ಲಿ ಕ್ಯಾಸಿನೊ ಹಡಗು ಒಂದೂ ಇರಲಿಲ್ಲ. 1992ರ ಕಾನೂನು ತಿದ್ದುಪಡಿ ಪಂಚತಾರಾ ಹೋಟೆಲುಗಳಿಗೆ ಸ್ಲಾಟ್ ಯಂತ್ರ ತಂದಿತು, 1996ರದು ಹಡಗುಗಳಿಗೆ ದಾರಿ ಮಾಡಿತು. ಈಗ ಕರ್ನಾಟಕದಿಂದ ಅಲ್ಲಿಗೆ ಹೋಗಿ ಬರುವವರು ಸಾಕಷ್ಟಿದ್ದಾರೆ. ಕಲ್ಪನೆಯ ಗೋವಾ ನಿಜವಾಗುವ ಹೊತ್ತಿಗೆ ನಮ್ಮ ಸಿನಿಮಾ ಆ ಕಡೆ ನೋಡುವುದನ್ನೇ ಬಿಟ್ಟಿತ್ತು.

ಪಶ್ಚಿಮದ ಮೇಜುಗಳು

ಪೋಕರ್ ಚಿತ್ರಗಳ ಅಭಿಮಾನಿಗಳು ಮೊದಲು ನೆನೆಯುವುದು ಸ್ಟೀವ್ ಮೆಕ್‌ಕ್ವೀನ್ ಅವರ ‘ದಿ ಸಿನ್ಸಿನಾಟಿ ಕಿಡ್’ (1965), ಮ್ಯಾಟ್ ಡೇಮನ್ ಅವರ ‘ರೌಂಡರ್ಸ್’ (1998). ಮೊದಲನೆಯದರ ಕೊನೆಯ ಸುತ್ತಿನಲ್ಲಿ ಎಕ್ಕಗಳ ಬಲದ ಕೈಯೇ ಸೋಲುತ್ತದೆ. ಆಟವನ್ನು ಅದರಷ್ಟು ಶುದ್ಧವಾಗಿ ತೋರಿಸಿದ ಚಿತ್ರ ವಿರಳ. ಎರಡನೆಯದು ತರುಣರನ್ನು ಮೇಜಿಗೆ ಎಳೆದ ಚಿತ್ರ. 2003ರಲ್ಲಿ ಅಲ್ಪ ಮೊತ್ತದ ಆನ್‌ಲೈನ್ ಅರ್ಹತಾ ಪಂದ್ಯದಿಂದ ಬಂದ ಕ್ರಿಸ್ ಮನಿಮೇಕರ್ ವಿಶ್ವ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದ ಮೇಲೆ ಪೋಕರ್ ಹುಚ್ಚು ಜಗತ್ತಿಗೆ ಹರಡಿತು. ಆದರೆ ‘ರೌಂಡರ್ಸ್’ನ ನಾಯಕ ಕೊನೆಯ ಆಟಕ್ಕೆ ಕೂರುವುದು ಪ್ರಾಧ್ಯಾಪಕರೊಬ್ಬರು ನಂಬಿ ಕೊಟ್ಟ ಸಾಲದಲ್ಲಿ. ಚಿತ್ರ ಆ ಸಾಲವನ್ನು ಗೆಲುವಿನ ಸಂಭ್ರಮದಲ್ಲಿ ಹಗುರವಾಗಿ ತೀರಿಸಿ ಮುಗಿಸುತ್ತದೆ.

‘ಕ್ಯಾಸಿನೊ ರಾಯಲ್’ (2006) ಬಾಂಡ್ ಚಿತ್ರವಾದರೂ ಈ ವಿಷಯದಲ್ಲಿ ಜಾಣತನ ತೋರಿಸಿತು. ಮೇಜಿನ ಈಚೆ ಬ್ರಿಟಿಷ್ ಖಜಾನೆಯ ಹಣ, ಆಚೆ ಖಳನು ಕಳೆದ ಗಿರಾಕಿಗಳ ಹಣ. ಇಬ್ಬರ ಕೈಯಲ್ಲೂ ಇರುವುದು ಪರರ ಸ್ವತ್ತೇ. ಸ್ಕಾರ್ಸೆಸೆ ಅವರ ‘ಕ್ಯಾಸಿನೊ’ (1995) ಇನ್ನೂ ಹಿಂದಕ್ಕೆ ಹೋಗಿ, ಲಾಸ್ ವೇಗಾಸ್‌ನ ಮಹಲುಗಳು ಎದ್ದದ್ದು ಲಾರಿ ಕಾರ್ಮಿಕರ ಪಿಂಚಣಿ ನಿಧಿಯ ಸಾಲದಿಂದ ಎಂದು ಹೇಳಿಬಿಡುತ್ತದೆ. ದೊಡ್ಡ ಮೊತ್ತ ಗೆದ್ದು ಹೊರಟವನ ವಿಮಾನಕ್ಕೆ ಏನೋ ನೆಪ ಹೇಳಿ ನಿಲ್ಲಿಸಿ, ಅವನನ್ನು ಮತ್ತೆ ಆಟಕ್ಕೆ ಕೂರಿಸಿ ಎಲ್ಲವನ್ನೂ ವಾಪಸು ಪಡೆಯುವ ಪ್ರಸಂಗವಿದೆ. ನಮ್ಮ ತೋಪಿನ ಅಡ್ಡೆಯವನಿಗೂ ಆ ವಿದ್ಯೆ ಗೊತ್ತು: ಗೆದ್ದವನನ್ನು ಏಳಲು ಬಿಡಬಾರದು.

ಜಾಕ್ ದೆಮಿ ಅವರ ‘ಬೇ ಆಫ್ ಏಂಜೆಲ್ಸ್’ (1963) ಚಿತ್ರದಲ್ಲಿ ಜಾನ್ ಮೊರೊ ಅವರ ಜಾಕಿ ರೂಲೆಟ್ ಚಕ್ರಕ್ಕಾಗಿ ಗಂಡ ಮಗುವಿನಿಂದ ದೂರವಾದವಳು. ಜೂಜುಕೋರ ಎಂದರೆ ಗಂಡಸೇ ಎಂಬ ಊಹೆಯನ್ನು ಆ ಚಿತ್ರ ಮುರಿಯಿತು. ಸಫ್ಡಿ ಸಹೋದರರ ‘ಅನ್‌ಕಟ್ ಜೆಮ್ಸ್’ (2019) ನನ್ನ ಅಳತೆಗೋಲಿಗೆ ನೇರವಾಗಿ ಹೊಂದುತ್ತದೆ. ನ್ಯೂಯಾರ್ಕಿನ ಒಡವೆ ವ್ಯಾಪಾರಿ, ಗಿರಾಕಿ ನಂಬಿಕೆಗೆಂದು ಇಟ್ಟುಹೋದ ಉಂಗುರವನ್ನೇ ಬೇರೆಡೆ ಅಡವಿಟ್ಟು ಬೆಟ್ಟಿಂಗ್ ಕಟ್ಟುತ್ತಾನೆ. ಗೆದ್ದು ತಂದುಕೊಟ್ಟರಾಯಿತು ಎನ್ನುವುದು ಅವನ ಲೆಕ್ಕ. ಧರ್ಮರಾಯನ ಲೆಕ್ಕವೂ ಅದೇ ಆಗಿತ್ತು. ಪಶ್ಚಿಮದವುಗಳಲ್ಲಿ ಈ ಎರಡು ಮತ್ತು ‘ಕ್ಯಾಸಿನೊ’ ನನ್ನ ಆಯ್ಕೆ.

ಬತ್ತೇರಿ ದಾರಿಯ ಲಾಟರಿ

ಗುಂಡ್ಲುಪೇಟೆಗೆ ಪೋಕರ್ ದೂರ, ಲಾಟರಿ ಹತ್ತಿರ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು; ಕೂಲಿಯವರ ಸಂಜೆಯ ದುಡ್ಡು ಒಂದಂಕಿ ಟಿಕೆಟ್ಟಿಗೆ ಹೋಗುತ್ತಿದ್ದ ದಿನಗಳನ್ನು ಕಂಡವರಿಗೆ ಅದು ನೆಮ್ಮದಿ ತಂದಿತು. ಆದರೆ ಬಂಡೀಪುರದ ಕಾಡು ದಾಟಿದರೆ ಕೇರಳ, ಅಲ್ಲಿ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ. ಓಣಂ ಹೊತ್ತಿಗೆ ಗುಂಡ್ಲುಪೇಟೆಯ ಚೆಂಡುಹೂ ಆ ಕಡೆ ಹೋಗುತ್ತದೆ, ಹೋದವರ ಜೇಬಿನಲ್ಲಿ ಓಣಂ ಬಂಪರ್ ಟಿಕೆಟ್ ಈ ಕಡೆ ಬರುತ್ತದೆ. 2024ರ ತಿರುವೋಣಂ ಬಂಪರ್‌ನ 25 ಕೋಟಿ ರೂಪಾಯಿ ಬಿದ್ದದ್ದು ಸುಲ್ತಾನ್ ಬತ್ತೇರಿಯಲ್ಲಿ ಮಾರಿದ ಟಿಕೆಟ್ಟಿಗೆ, ಗೆದ್ದವರು ಮಂಡ್ಯ ಜಿಲ್ಲೆಯವರು. ಅಂಥ ಒಂದು ಸುದ್ದಿ ಸಾವಿರ ಸೋಲುಗಳನ್ನು ಮರೆಸುತ್ತದೆ.

ಲಾಟರಿಯ ಮನಸ್ಸನ್ನು ಮಲಯಾಳಿಗಳಷ್ಟು ಚೆನ್ನಾಗಿ ಬಲ್ಲವರಿಲ್ಲ. ಗುಂಡ್ಲುಪೇಟೆಯಿಂದ ಬೆಟ್ಟ ಹತ್ತಿದರೆ ಸಿಗುವ ಊಟಿಯಲ್ಲಿ ನಡೆಯುವ ಕಥೆ ಪ್ರಿಯದರ್ಶನ್ ಅವರ ‘ಕಿಲುಕ್ಕಂ’ (1991). ಇನ್ನೊಸೆಂಟ್ ಮಾಡಿದ ಕಿಟ್ಟುಣ್ಣಿ ಎಂಬ ಆಳಿಗೆ ಬಂಪರ್ ಬಂದಿದೆ ಎಂದು ಹುಡುಗಿಯೊಬ್ಬಳು ಸುಳ್ಳು ಹೇಳುತ್ತಾಳೆ. ವರ್ಷಗಳಿಂದ ತನ್ನನ್ನು ಬೈಯುತ್ತಿದ್ದ ಯಜಮಾನನಿಗೆ ಅವನು ಎಲ್ಲ ಬಾಕಿ ತೀರಿಸಿ ಬೈದು ಹೊರಡುತ್ತಾನೆ. ನಕ್ಕು ಸುಸ್ತಾದ ಮೇಲೆ ಹೊಳೆಯುವುದು: ಅವನಿಗೆ ಬೇಕಿದ್ದದ್ದು ದುಡ್ಡಿಗಿಂತ ಹೆಚ್ಚಾಗಿ ಹಾಗೆ ಮಾತಾಡುವ ಸ್ವಾತಂತ್ರ್ಯ. ಸತ್ಯನ್ ಅಂತಿಕ್ಕಾಡ್ ಅವರ ‘ಭಾಗ್ಯದೇವತ’ಯಲ್ಲಿ (2009) ವರದಕ್ಷಿಣೆ ಬರಲಿಲ್ಲವೆಂದು ತವರಿಗೆ ಕಳಿಸಿದ ಹೆಂಡತಿಗೇ ಲಾಟರಿ ಹೊಡೆಯುತ್ತದೆ, ಗಂಡನಿಗೆ ಪ್ರೀತಿ ಉಕ್ಕುತ್ತದೆ. ಸ್ವತ್ತು ಯಾರದು ಎಂಬ ಪ್ರಶ್ನೆಗೆ ಇದು ನಗುವಿನ ಉತ್ತರ.

ನಮ್ಮದೇ ಮಾದರಿಯೂ ಒಂದಿದೆ. ಮೈಸೂರಿನ ಆರ್.ಕೆ. ನಾರಾಯಣ್ ಅವರ ‘ಎಂಜಿನ್ ಟ್ರಬಲ್’ ಕಥೆಯನ್ನು ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ತಂದರು. ಜಾತ್ರೆಯಂಥ ಮೇಳದ ಅದೃಷ್ಟದಾಟದಲ್ಲಿ ಒಬ್ಬನಿಗೆ ರಸ್ತೆ ರೋಲರ್ ಬಹುಮಾನ ಬರುತ್ತದೆ. ಇಡಲು ಜಾಗವಿಲ್ಲ, ಪುರಸಭೆ ಬಾಡಿಗೆ ಕೇಳುತ್ತದೆ, ಎಳೆಯಲು ದೇವಸ್ಥಾನದ ಆನೆ ಬೇಕಾಗುತ್ತದೆ. ಗೆಲುವೇ ಸಾಲವಾಗುವ ಈ ಕಥೆಯ ಹತ್ತಿರಕ್ಕೆ ಕನ್ನಡ ನೆಲದ ಯಾವ ಜೂಜಿನ ಕಥೆಯೂ ಬಂದಿಲ್ಲ ಎಂಬುದು ನನ್ನ ಎಣಿಕೆ.

ಸರದಿಯ ಭ್ರಮೆ

ಜೂಜಿನ ಸಿನಿಮಾಗಳು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ: ಕೊನೆಯ ಸುತ್ತು. ಇಷ್ಟು ಹೊತ್ತು ಸೋತವನಿಗೆ ಈಗ ಬಂದೇ ಬರಬೇಕು ಎಂಬ ನಿರೀಕ್ಷೆಯನ್ನು ಅವು ಪೂರೈಸಿಬಿಡುತ್ತವೆ. 1913ರಲ್ಲಿ ಮಾಂಟೆ ಕಾರ್ಲೊದ ರೂಲೆಟ್ ಚೆಂಡು ಸತತ 26 ಸಲ ಕಪ್ಪಿಗೇ ಬಿತ್ತು. ಮುಂದಿನದು ಕೆಂಪು ಎಂದು ನಂಬಿ ಕಟ್ಟುತ್ತಲೇ ಹೋದವರು ಬರಿಗೈಯಾದರು. ಚೆಂಡಿಗೆ ಹಿಂದಿನದು ನೆನಪಿರುವುದಿಲ್ಲ.

ಚಾಮರಾಜನಗರಕ್ಕೆ ಈ ಭ್ರಮೆಯ ಬಿಸಿ ಚೆನ್ನಾಗಿ ತಟ್ಟಿದೆ. ಇಲ್ಲಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಮಾತು ದಶಕಗಳ ಕಾಲ ಓಡಾಡಿತು. 1997ರಲ್ಲಿ ಹೊಸ ಜಿಲ್ಲೆಯ ಉದ್ಘಾಟನೆಯನ್ನೂ ಜೆ.ಎಚ್. ಪಟೇಲ್ ಮಲೆ ಮಹದೇಶ್ವರ ಬೆಟ್ಟದಲ್ಲೇ ಮುಗಿಸಿದರು. ಸಿದ್ದರಾಮಯ್ಯ 2013ರಿಂದ ಮತ್ತೆ ಮತ್ತೆ ಬಂದು, ಐದು ವರ್ಷ ಪೂರ್ತಿ ಆಳಿ ಆ ನಂಬಿಕೆಯ ಗಾಳಿ ತೆಗೆದರು. ಯಾರದೋ ಸೋಲಿಗೆ ಊರನ್ನು ಹೊಣೆ ಮಾಡುವುದು, ಎಲೆಗೆ ಸರದಿ ಇದೆ ಎನ್ನುವುದು ಒಂದೇ ತರ್ಕದ ಎರಡು ಕವಲು. ಮೊದಲನೆಯದರ ಬೆಲೆಯನ್ನು ಜಿಲ್ಲೆ ತೆತ್ತಿತು.

ಅಂಗೈಯಲ್ಲಿನ ಅಡ್ಡೆ

ಈಗ ತೋಪೂ ಬೇಡ, ಕ್ಲಬ್ಬೂ ಬೇಡ. 2021ರ ಅಕ್ಟೋಬರಿನಲ್ಲಿ ಕರ್ನಾಟಕ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ನಿಷೇಧದ ಭಾಗವನ್ನು ರದ್ದು ಮಾಡಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಹಳೆಯ ಭೇದ ಮತ್ತೆ ಗೆದ್ದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆ ಮಾಡಿತು. ಅಲ್ಲಿಯವರೆಗೆ ಚಿತ್ರತಾರೆಯರು, ಕ್ರಿಕೆಟಿಗರು ಅವುಗಳಿಗೆ ಮುಖ ಕೊಟ್ಟಿದ್ದರು. ಸಿನಿಮಾ ಜೂಜಿನ ಕಥೆ ಹೇಳಲಿಲ್ಲ, ಜೂಜಿನ ಜಾಹೀರಾತಿನಲ್ಲಿ ನಟಿಸಿತು.

ಮೊಬೈಲಿನ ಜೂಜನ್ನು ಚಿತ್ರಿಸುವುದು ಕಷ್ಟ ನಿಜ. ಹೊಗೆಯಿಲ್ಲ, ಖಳನಿಲ್ಲ, ದಾಳಿಗೆ ಓಡುವವರಿಲ್ಲ. ಕಂಬಳಿ ಹೊದ್ದು ಮಲಗಿದವನ ಮುಖದ ಮೇಲೆ ಬೆಳಕು ಬಿದ್ದಿರುತ್ತದೆ, ಅಷ್ಟೇ. ಆದರೆ ಹಣದ ಹೆಜ್ಜೆ ಹಿಡಿದು ಹೊರಟರೆ ಕಥೆ ತಾನಾಗಿ ಬಿಚ್ಚುತ್ತದೆ. 2025ರ ಆರಂಭದಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಯ ಕಾಟಕ್ಕೆ ಮನೆ ಬಿಟ್ಟ ಕುಟುಂಬಗಳ ಸುದ್ದಿ ಈ ಜಿಲ್ಲೆಯಿಂದಲೂ ಬಂತು, ಸರ್ಕಾರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಆ ಸಾಲಗಳಿಗೆ ಕಾರಣ ನೂರು. ಮಳೆ, ಮದುವೆ, ಆಸ್ಪತ್ರೆ. ಕಾರಣ ಯಾವುದೇ ಇರಲಿ, ಸಂಘದ ಪುಸ್ತಕದಲ್ಲಿ ಸಹಿ ಹೆಂಗಸರದು, ಕಂತಿನ ದಿನ ಬಾಗಿಲಿಗೆ ಬಂದವರೆದುರು ನಿಲ್ಲುವವರೂ ಅವರೇ. ಗಂಡಸು ಆಡಿ ಸೋತ ಮನೆಯಲ್ಲಿ ಆ ಸಹಿಯ ಅರ್ಥವೇನಾಗುತ್ತದೆ ಎಂದು ನಮ್ಮ ನಿರ್ದೇಶಕರೊಬ್ಬರು ಕೇಳಿಕೊಂಡರೆ ಸಾಕು, ಮುಂದಿನದನ್ನು ಕಟ್ಟಲು ಬೇಕಾದ ನಟರು, ಭಾಷೆ, ನೆಲ ಎಲ್ಲ ಇಲ್ಲಿವೆ.

ಹಾಗಾಗಿ ಇಷ್ಟದ ಜೂಜಿನ ಸಿನಿಮಾ ಯಾವುದು ಎಂದರೆ ‘ಬಾಜಿ’, ‘ಶ್ರೀ 420’, ‘ಆಡುಕಳಂ’, ‘ಕ್ಯಾಸಿನೊ’, ‘ಬೇ ಆಫ್ ಏಂಜೆಲ್ಸ್’, ‘ಅನ್‌ಕಟ್ ಜೆಮ್ಸ್’, ‘ಕಿಲುಕ್ಕಂ’, ‘ಎಂಜಿನ್ ಟ್ರಬಲ್’ ಎನ್ನುತ್ತೇನೆ. ಕನ್ನಡದ ದೊಡ್ಡ ಪರದೆಯಿಂದ ಒಂದು ಹೆಸರೂ ಸೇರಿಸಲಾಗದ್ದು ಕೊರತೆಯೇ, ಆದರೆ ತೀರಿಸಲಾಗದ ಕೊರತೆಯಲ್ಲ. ಜೂಜು ಕೆಟ್ಟದ್ದು ಎಂದು ಉಪದೇಶ ಮಾಡುವ ಚಿತ್ರ ಯಾರಿಗೂ ಬೇಡ. ಆಡುವವನಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆಟದ ರುಚಿಯನ್ನೂ ಕೊಟ್ಟು, ಎದ್ದ ಮೇಲೆ ಲೆಕ್ಕವನ್ನೂ ಕೇಳುವ ಚಿತ್ರ ಬೇಕು. ಆ ಲೆಕ್ಕವನ್ನು ಆಡಿದವನ ಬಾಯಿಂದ ಹೇಳಿಸಿದರೆ ಅದು ಇನ್ನೊಂದು ‘ಜಾಕಿ’ಯಾಗುತ್ತದೆ. ಸಹಿ ಹಾಕಿದವಳ ಬಾಯಿಂದ ಹೇಳಿಸಿದರೆ ಕನ್ನಡದ ಮೊದಲ ನಿಜವಾದ ಜೂಜಿನ ಸಿನಿಮಾ ಆಗಬಹುದು.